ತಂತಿಯ ಮೇಲಿನ ಮಾತಿಗೆ ಕಿಡಿಯ ಅಡ್ಡಿ



ಹಿಂದೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡ ಮನೆಗಳಲ್ಲಿ ಕಲಬುರಗಿ ಆಕಾಶವಾಣಿ ಹಚ್ಚಿ ಕುಳಿತಾಗ, ಬಾವಿಯ ಮೋಟಾರಿನ ಸ್ಟಾರ್ಟರ್ ಒತ್ತಿದೊಡನೆ ರೇಡಿಯೋ ಟರ್ರೆಂದದ್ದು ನಿಮಗೆ ನೆನಪಿರಬಹುದು. ಸ್ಟಾರ್ಟರಿನ ಕಾಂಟ್ಯಾಕ್ಟುಗಳ ನಡುವೆ ಹಾರಿದ ಕಿಡಿಯೇ ಅದಕ್ಕೆ ಕಾರಣ. ಒಂದೊಂದು ಕಿಡಿ ಕ್ಷಣಮಾತ್ರದ್ದು. ಆದರೂ ಅದರ ಗದ್ದಲ ತಂತಿಗುಂಟ ದೂರ ಹೋಗುತ್ತದೆ.

ವಿದ್ಯುತ್ ತಂತಿಯು ಕರೆಂಟಿನೊಡನೆ ಮಾತನ್ನೂ ಒಯ್ಯಬಲ್ಲದು. ಕರೆಂಟು ಸೆಕೆಂಡಿಗೆ 50 ಆವರ್ತನ ಮಾಡಿದರೆ, ಮಾತಿನ ಅಲೆ ಸಾವಿರಾರು, ಲಕ್ಷಾಂತರ ಆವರ್ತನ ಮಾಡುತ್ತದೆ. ದೊಡ್ಡ ಸಬ್‌ಸ್ಟೇಷನ್ನಿನಲ್ಲಿ ಲೈನು ಒಳಬರುವಲ್ಲಿ ಡ್ರಮ್ಮಿನಂಥ ಸುರುಳಿ ತೂಗುವುದನ್ನು ನೋಡಿರುತ್ತೀರಿ. ಮಾತಿನ ಅಲೆ ಒಳಗಿನ ಯಂತ್ರಗಳಿಗೆ ಸೋರಿಹೋಗದಂತೆ ತಡೆಯುವ ವೇವ್ ಟ್ರ್ಯಾಪ್ ಅದು. ಈಗ ಅನೇಕ ಕಡೆ ಆಪ್ಟಿಕಲ್ ಫೈಬರ್ ಬಂದಿದ್ದರೂ, ಲೈನು ಕೆಟ್ಟಾಗ ಆಚೆ ತುದಿಗೆ 'ಕೂಡಲೇ ಬಂದ್ ಮಾಡು' ಎಂಬ ಆಜ್ಞೆ ಕಳಿಸಲು ಈ ಪದ್ಧತಿಯನ್ನು ದಶಕಗಳಿಂದ ಬಳಸಲಾಗಿದೆ.

ತೊಡಕು ಇಲ್ಲಿಯೇ ಇದೆ. ಲೈನು ಕೆಟ್ಟು ಕಿಡಿ ಹಾರುವ ಗಳಿಗೆಯಲ್ಲೇ ಗದ್ದಲ ಹೆಚ್ಚು. ಆಜ್ಞೆ ತಲುಪಬೇಕಾದದ್ದೂ ಅದೇ ಗಳಿಗೆಯಲ್ಲಿ. ತಲುಪದಿದ್ದರೆ ಟ್ರಾನ್ಸ್‌ಫಾರ್ಮರಿಗೆ ಅಪಾಯ. ಗದ್ದಲವನ್ನೇ ಆಜ್ಞೆಯೆಂದು ತಿಳಿದರೆ ಚೆನ್ನಾಗಿರುವ ಲೈನೂ ಬಂದಾಗಿ ಊರಿಗೆ ಊರೇ ಕತ್ತಲು. ಆದುದರಿಂದ ಯಂತ್ರವು ಸದಾ ಒಂದು ಕಾವಲು ಸ್ವರವನ್ನು ಕಳಿಸುತ್ತಿರುತ್ತದೆ. ಆ ಸ್ವರ ನಿಂತು, ಆಜ್ಞೆಯ ಸ್ವರ ಕೆಲವು ಮಿಲಿಸೆಕೆಂಡು ಬಿಡದೆ ಕೇಳಿದರೆ ಮಾತ್ರ ಆಚೆಯ ಯಂತ್ರ ನಂಬುತ್ತದೆ. ಕಿಡಿಯಾದರೋ ಎಲ್ಲ ಸ್ವರಗಳಲ್ಲೂ ಒಮ್ಮೆಲೇ ಅರಚುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ.

ತಂತಿಯ ಮೂಲಕ ಮೀಟರಿನ ಅಂಕಿ ತರಿಸುವಲ್ಲಿ ಉಪಾಯ ಬೇರೆ. ಕೊಳೆತ ಹೊರೆಯೊಂದರ ಬಿತ್ತನೆ ತುಂಡುಗಳನ್ನೆಲ್ಲ ಒಂದೇ ಸಾಲಿಗೆ ನೆಟ್ಟರೆ ಸಾಲೇ ಬೋಳು. ಬೇರೆ ಹೊರೆಗಳೊಡನೆ ಬೆರೆಸಿ ನೆಟ್ಟರೆ ಅಲ್ಲೊಂದು ಇಲ್ಲೊಂದು ಜಾಗ ಖಾಲಿ ಬಿದ್ದು, ಪಕ್ಕದ ಮರಿಗಳು ತುಂಬಿಕೊಳ್ಳುತ್ತವೆ. ಅದರಂತೆ ಅಂಕಿಗಳನ್ನು ಕಲಸಿ, ತಾಳೆ ನೋಡಲು ಕೆಲವು ಹೆಚ್ಚಿನ ಅಂಕಿ ಸೇರಿಸಿ ಕಳಿಸುತ್ತಾರೆ. ಕಿಡಿ ಒಂದೆಡೆ ತಿಂದದ್ದು, ಮತ್ತೆ ಜೋಡಿಸಿದಾಗ ಚದುರಿಹೋಗುತ್ತದೆ; ತಿದ್ದುವುದು ಸುಲಭ.

ಕಿಡಿಯನ್ನು ಹುಟ್ಟುವಲ್ಲೇ ತಗ್ಗಿಸುವುದು ಎಲ್ಲಕ್ಕಿಂತ ಅಗ್ಗ. ತಾಂಡೂರಿನ ಬಂಡೆ ಕೊಯ್ಯುವ ಯಂತ್ರವಿರಲಿ, ನಿಮ್ಮ ಪಂಪಿರಲಿ, ಸುಟ್ಟ ಕಾಂಟ್ಯಾಕ್ಟು ಮತ್ತು ಸಡಿಲ ಜೋಡಣೆಗಳೇ ಕಿಡಿಯ ಮನೆ. ಕಾಂಟ್ಯಾಕ್ಟಿಗೆ ಅಡ್ಡಲಾಗಿ ಚಿಕ್ಕ ಕೆಪಾಸಿಟರ್ ಮತ್ತು ರೆಸಿಸ್ಟರ್ ಹಾಕಿಸಬಹುದು. ಪಂಪಿನ ಪವರ್ ಫ್ಯಾಕ್ಟರ್ ಕೆಪಾಸಿಟರ್ ಬೇರೆ, ಇದು ಬೇರೆ. ಅಂಗಡಿಯವನು ಎರಡೂ ಒಂದೇ ಎಂದರೆ ನಂಬಬೇಡಿ. ಮೇನ್ ಸ್ವಿಚ್ ತೆಗೆದ ಮೇಲೆಯೇ, ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಸ್ಟಾರ್ಟರ್ ಬಿಚ್ಚಿಸಿರಿ. ಕಂಬದ ಮೇಲಿನ ಜೋಡಣೆಯಲ್ಲಿ ಕಿಡಿ ಕಂಡರೆ ಲೈನ್‌ಮನ್‌ಗೆ ತಿಳಿಸಿರಿ, ನೀವಾಗಿ ಮುಟ್ಟಬೇಡಿರಿ.