ಇಲಿ ಅಂದ್ರೆ ಬರೀ ಇಲಿಯಲ್ಲ!

ಗೆಳೆಯರೇ, ಬೇಸಿಗೆಯಲ್ಲಿ ನಮ್ಮ ಎರಿ ಹೊಲದ ಬಿರುಕಿನಿಂದ ಒಂದು ಇಲಿ ಓಡಿ ಬಂತು. ಕಾಕಾ ಬಡಿಗೆ ಎತ್ತಿದರು. "ಕಾಕಾ, ಅದು ಯಾವ ಇಲಿ?" ಅಂದೆ. "ಇಲಿ ಅಂದ್ರ ಇಲಿ, ಅದರಾಗ ಯಾವುದೇನು?" ಅಂದರು. ಅಷ್ಟರಲ್ಲಿ ಅದು ಮಾಯ!

ಆದರೆ ಎಲ್ಲಾ ಇಲಿ ಒಂದೇ ಅಲ್ಲ. ಸುಂಡಿಲಿ ಅಂತೂ ಇಲಿಯೇ ಅಲ್ಲ, ಅದು ಹುಳು ತಿನ್ನುವ ಬೇರೆ ಗುಂಪಿನ ಪ್ರಾಣಿ. ಹೊಲದಲ್ಲಿ ಮೆತ್ತನೆ ಕೂದಲಿನ ಒಂದು ಇಲಿ ಇದೆ. ಅದರ ವೈಜ್ಞಾನಿಕ ಹೆಸರು ಮಿಲಾರ್ಡಿಯಾ ಮೆಲ್ಟಾಡಾ. 1837ರಲ್ಲಿ ಗ್ರೇ ಎಂಬ ಇಂಗ್ಲೆಂಡಿನ ವಿಜ್ಞಾನಿ ಅದನ್ನು ಮೊದಲು ವಿವರಿಸಿದರು. ಅವರು ನೋಡಿದ ಇಲಿ ನಮ್ಮ ಧಾರವಾಡದ್ದು! ವಡ್ಡರು ಅದಕ್ಕೆ 'ಮೆತ್ತಡೆ' ಅನ್ನುತ್ತಿದ್ದರು ಎಂದು ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಬರೆದಿದ್ದಾರೆ. 1826ರಲ್ಲಿ ಮಳೆ ಕಡಿಮೆಯಾಗಿ ಇವು ವಿಪರೀತ ಹೆಚ್ಚಿ, ಬಿತ್ತಿದ ಬೀಜವನ್ನೇ ತಿಂದುಬಿಟ್ಟವಂತೆ.

ಹೊಸ ಪ್ರಭೇದ ಅಂತ ಗುರುತಿಸುವುದು ಹೇಗೆ?

1. ಮೈ, ಬಾಲ, ಹಿಂಗಾಲು, ಕಿವಿ ಅಳೆಯುತ್ತಾರೆ.
2. ತಲೆಬುರುಡೆ, ಹಲ್ಲು ನೋಡುತ್ತಾರೆ.
3. ಸಂಗ್ರಹಾಲಯದಲ್ಲಿರುವ ಹತ್ತಿರದ ಜಾತಿಯ ಇಲಿಗಳ ಜೊತೆ ಹೋಲಿಸುತ್ತಾರೆ.

ಒಂದೇ ಇಲಿ ದೊಡ್ಡದಿದ್ದರೆ ಸಾಲದು. ಅದು ಬರೀ ವಯಸ್ಸಾದ ಇಲಿ ಇರಬಹುದು. ಅದಕ್ಕೇ ಬೆಳೆದ ಇಲಿಗಳನ್ನು ಬೆಳೆದವುಗಳ ಜೊತೆಗೇ ಹೋಲಿಸಬೇಕು.

ಹೀಗೆಯೇ 1975ರಲ್ಲಿ ಮಿಶ್ರಾ ಮತ್ತು ಧಾಂಡಾ ಎಂಬ ವಿಜ್ಞಾನಿಗಳು ಪುಣೆ ಹತ್ತಿರದ ಸಿಂಹಗಡದ ಇಲಿಯನ್ನು ಹೊಸ ಪ್ರಭೇದ ಎಂದು ತಿಳಿಸಿದರು. ಇತಿಹಾಸ ಪಾಠದಲ್ಲಿ ತಾನಾಜಿ ಹೋರಾಡಿದ ಕೋಟೆ ಅದೇ. ಅದರ ಹಳೇ ಹೆಸರು ಕೊಂಡಾಣ. ಅದರಿಂದಲೇ ಈ ಇಲಿಗೆ ಮಿಲಾರ್ಡಿಯಾ ಕೊಂಡಾಣ ಎಂಬ ಹೆಸರು ಬಂತು. ಇದು ಮೆತ್ತಡೆಗಿಂತ ದೊಡ್ಡದು. ಬಿಲದಲ್ಲಿದ್ದು ರಾತ್ರಿ ಹೊರಬರುತ್ತದೆ. ಎರಡೂ ಹೆಸರಿನ ಮೊದಲ ಪದ ಒಂದೇ, ಅಂದರೆ ಒಂದೇ ಮನೆತನ. ಎರಡನೇ ಪದ ಅವರವರ ಸ್ವಂತ ಹೆಸರು ಇದ್ದ ಹಾಗೆ.

ಮೆತ್ತಡೆ ದೇಶದ ಎಷ್ಟೋ ಕಡೆ ಇದೆ. ಕೊಂಡಾಣ ಇಲಿಗೆ ಅಲ್ಲಿಯ ಬೆಟ್ಟಗಳೇ ಗತಿ. ಅಲ್ಲಿ ಜನ, ದನ ಹೆಚ್ಚಾಗಿ ಹುಲ್ಲು, ಪೊದೆ ಹಾಳಾದರೆ ಅದು ಎಲ್ಲಿಗೆ ಹೋಗಬೇಕು? ಹೆಸರೇ ಇಡದಿದ್ದರೆ ಅದು ಕಡಿಮೆಯಾದದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬೆಳೆ ತಿನ್ನುವ ಇಲಿಯನ್ನು ರೈತರು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಬಡಿಗೆ ಎತ್ತುವ ಮೊದಲು ಒಮ್ಮೆ ಸರಿಯಾಗಿ ನೋಡೋಣ.

– 7ನೇ ತರಗತಿ ವಿದ್ಯಾರ್ಥಿ