ಅಂಚೆಚೀಟಿಯ ಸಂಗ್ರಹವೂ ಹಿರಿಯರ ಹೊಣೆಯೂ

ಮಕ್ಕಳು ಅಂಚೆಚೀಟಿಗಳನ್ನು ಕೂಡಿಡತೊಡಗಿದರೆ ಹಿರಿಯರಲ್ಲಿ ಕೆಲವರು ಅದನ್ನು ಕಾಲಹರಣವೆಂದು ಗದರುವರು. ಕೆಲವರು ಮುಂದೆ ಇದಕ್ಕೆ ಬಹಳ ಬೆಲೆ ಬಂದೀತೆಂದು ಆಸೆ ಹುಟ್ಟಿಸುವರು. ಇವೆರಡೂ ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. 'ಸಂಗ್ರಹ' ಎಂಬ ಶಬ್ದದಲ್ಲಿರುವ ಸಂಸ್ಕೃತ ಧಾತುವಿಗೆ ಹಿಡಿಯುವುದೆಂಬ ಅರ್ಥವಿರುವಂತೆಯೇ ತಿಳಿಯುವುದೆಂಬ ಅರ್ಥವೂ ಉಂಟು. ಕೈ ಹಿಡಿದುದನ್ನು ಬುದ್ಧಿಯೂ ಹಿಡಿದರೆ ಅದು ಸಂಗ್ರಹ. ಇಲ್ಲವಾದರೆ ಬರಿಯ ರಾಶಿ. ಈ ಭೇದವನ್ನು ಎಳೆಯರಿಗೆ ತೋರಿಸಿಕೊಡುವುದೇ ಹಿರಿಯರ ಕೆಲಸ. ನಾವಿದನ್ನು ಕಲಿತದ್ದು ಒಂದು ತಪ್ಪಿನಿಂದ. ಆ ತಪ್ಪು ನಮ್ಮದೇ ಆಗಿತ್ತು.

2017ರಲ್ಲಿ ಅಂಚೆ ಇಲಾಖೆಯು 'ದೀನದಯಾಳ್ ಸ್ಪರ್ಶ್' ಎಂಬ ಯೋಜನೆಯನ್ನು ತಂದು, 6ರಿಂದ 9ನೆಯ ತರಗತಿಯವರೆಗಿನ ಸಂಗ್ರಾಹಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 6,000 ರೂಪಾಯಿಗಳ ವೇತನವನ್ನೂ, ಶಾಲೆಯ ಸಂಘಗಳಿಗೆ ಅನುಭವಸ್ಥರ ಮಾರ್ಗದರ್ಶನವನ್ನೂ ಗೊತ್ತುಮಾಡಿತು. ನಮ್ಮದು ಅಂತಹ ನಿಯುಕ್ತ ಸ್ಥಾನವೇನೂ ಅಲ್ಲ. ಉಪಾಧ್ಯಾಯವೃತ್ತಿಯಲ್ಲಿದ್ದಾಗಲೇ ಆರಂಭಿಸಿದ ಭಾನುವಾರದ ಜಗಲಿಯ ಪಾಠವು ನಿವೃತ್ತಿಯ ಬಳಿಕವೂ ನಡೆದುಬಂದಿದೆ, ಅಷ್ಟೆ. ಎಂಟು ಹತ್ತು ಮಕ್ಕಳು ಸೇರುವರು. ಒಂದು ಭೂತಗನ್ನಡಿ, ಎರಡು ಚಿಮುಟ, ಒಂದು ಹಳೆಯ ಆಲ್ಬಮ್, ಇವೇ ನಮ್ಮ ಪಾಠೋಪಕರಣಗಳು.

ಹಿಂದೆ ನಮ್ಮ ಮೊದಲನೆಯ ಪಾಠ ಚೀಟಿಯನ್ನು ಬಿಡಿಸುವ ವಿಧಾನವಾಗಿತ್ತು. ಚೀಟಿಯ ಸುತ್ತ ಅರ್ಧ ಬೆರಳಷ್ಟು ಕಾಗದವನ್ನು ಬಿಟ್ಟು ಕತ್ತರಿಸಬೇಕು. ತಣ್ಣೀರಿನ ತಟ್ಟೆಯಲ್ಲಿ ನೆನೆಯಿಡಬೇಕು. ಅಂಟು ಕರಗಿ ತಾನಾಗಿ ಬಿಟ್ಟುಕೊಂಡ ಮೇಲೆ ಚಿಮುಟದಿಂದೆತ್ತಿ ಒತ್ತುಕಾಗದದ ನಡುವೆ ಒಣಗಿಸಬೇಕು. ಮಕ್ಕಳಿಗೆ ಇದು ಬಹಳ ಮೆಚ್ಚಿಗೆಯಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಒಂಬತ್ತು ಚೀಟಿಗಳನ್ನು ಬಹು ಚೊಕ್ಕಟವಾಗಿ ಬಿಡಿಸಿ ತಂದಳು. ಎಲ್ಲವೂ ಅರುವತ್ತರ ದಶಕದವು. ನಾವು 'ಭಲೇ' ಎಂದು ಬೆನ್ನು ತಟ್ಟಿದೆವು. ಮರುವಾರ ಅವಳ ಅಜ್ಜಿ ತಾವೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೂಲೆ ಕತ್ತರಿಸಿದ ಒಂಬತ್ತು ಲಕೋಟೆಗಳಿದ್ದವು.

"ಮಾಸ್ತರೇ, ಮಗುವನ್ನು ಬಯ್ಯಬೇಡಿ. ಚೀಟಿ ತಾನೇ, ತೆಗೆದುಕೋ ಎಂದು ನಾನೇ ಹೇಳಿದೆ. ಇವು ನಮ್ಮವರು ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಬರೆದ ಕಾಗದಗಳು. ಒಳಗೆ ತಾರೀಖು ಹಾಕುವ ರೂಢಿ ಅವರಿಗಿರಲಿಲ್ಲ. ಮೇಲಿನ ಠಸ್ಸೆ ನೋಡಿ ಸಾಲಾಗಿ ಇಟ್ಟಿದ್ದೆ. ಈಗ ಎಲ್ಲ ಕಲಸಿಹೋಗಿದೆ. ಕೊನೆಯ ಕಾಗದ ಯಾವುದು ಎಂದು ನೋಡಿ ಹೇಳುತ್ತೀರಾ?"

ಒಂಬತ್ತರಲ್ಲಿಯೂ ಮಳೆಯ ಸುದ್ದಿ, ಕಳುಹಿಸಿದ ಹಣದ ಲೆಕ್ಕ, ಕ್ಷೇಮಸಮಾಚಾರ. ಒಂದರಿಂದೊಂದನ್ನು ಬೇರ್ಪಡಿಸುವಂತಹುದೇನೂ ಇರಲಿಲ್ಲ. ಆ ಕೊನೆಯ ಕಾಗದದ ಬಳಿಕ ಯಜಮಾನರು ಊರಿಗೆ ಮರಳಲಿಲ್ಲವೆಂಬುದು ನಮಗೆ ಆಗಲೇ ತಿಳಿದದ್ದು. ಠಸ್ಸೆಯ ಅರ್ಧ ಭಾಗವಿದ್ದ ಕಾಗದದ ಚೂರುಗಳು ನೀರಿನಲ್ಲಿ ನೆನೆದು, ಬಚ್ಚಲೊಲೆಗೆ ಹೋಗಿದ್ದವು. ಹುಡುಗಿ ಕಂಬದ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಕತ್ತರಿಸುವುದನ್ನು ಕಲಿಸಿದವರು ನಾವು. ತಲೆ ತಗ್ಗಿಸಬೇಕಾದವರೂ ನಾವೇ.

ಅವಳನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪರೀಕ್ಷೆಗೆ ತೊಡಗಿದೆವು. ಲಕೋಟೆಯ ಬೆನ್ನಿಗೆ ತಲುಪಿದ ಊರಿನ ಠಸ್ಸೆ ಹಾಕುವ ಪದ್ಧತಿ ಆಗ ಇದ್ದಿತು. ನಾಲ್ಕು ಲಕೋಟೆಗಳ ಮೇಲೆ ಅದು ಸ್ಪಷ್ಟವಾಗಿತ್ತು. ಉಳಿದ ಐದಕ್ಕೆ, ಚೀಟಿಯ ಮೇಲಿನ ಕಪ್ಪು ಕಮಾನು ಯಾವ ಲಕೋಟೆಯ ಮೇಲೆ ಮುಂದುವರಿದಿದೆಯೆಂದು ಹೊಂದಿಸಿ ನೋಡಿದೆವು; ಮೂರು ಹೊಂದಿದವು. ಅವುಗಳಲ್ಲಿ ಎರಡರ ಮೇಲೆ ವರ್ಷದ ಅಂಕಿಗಳು ಉಳಿದಿದ್ದವು. ಒಂದು 1960ರ ಸೆಪ್ಟೆಂಬರ್ 15ರಂದು ಹೊರಟ ಸರ್ ಎಂ. ವಿಶ್ವೇಶ್ವರಯ್ಯನವರ ಚೀಟಿ. ಮೂರನೆಯದರಲ್ಲಿ ಅಂಕಿಯೇ ಇರಲಿಲ್ಲ. ಆದರೆ ಅದು ಪುರಂದರದಾಸರ ಚೀಟಿ. "ಇದು ಹೊರಟದ್ದು 1964ರ ಜನವರಿ 14ರಂದು" ಎಂದೆವು. ಹುಡುಗಿ ಒಂದು ಕ್ಷಣ ಯೋಚಿಸಿ, "ಹಾಗಾದರೆ ಈ ಕಾಗದ ಅದಕ್ಕಿಂತ ಮೊದಲು ಬಂದಿರಲಾರದು, ಅಲ್ಲವೇ ಮಾಸ್ತರೇ?" ಎಂದಳು. ಗೊತ್ತಾದ ಮಿಕ್ಕ ಆರೂ 1963ರ ಒಳಗಿನವು. ಹೀಗೆ ಏಳು ಕಾಗದಗಳು ಸಾಲಿಗೆ ಬಂದವು. ಇನ್ನೆರಡಕ್ಕೆ ಯಾವ ಸಾಕ್ಷ್ಯವೂ ಸಿಕ್ಕಲಿಲ್ಲ. ಕೊನೆಯದು ಪುರಂದರದಾಸರ ಚೀಟಿಯದೂ ಆಗಿರಬಹುದು, ಈ ಎರಡರಲ್ಲಿ ಒಂದೂ ಆಗಿರಬಹುದು ಎಂದು ಇದ್ದುದನ್ನು ಇದ್ದಂತೆ ಹೇಳಿದೆವು. ಅಜ್ಜಿ ಆ ಮೂರನ್ನು ಬೇರೆಯಾಗಿ ಕಟ್ಟಿಕೊಂಡು, "ಮೂರನ್ನೂ ಕೊನೆಯದೆಂದೇ ಇಟ್ಟುಕೊಳ್ಳುತ್ತೇನೆ" ಎಂದರು.

ಅಂದಿನಿಂದ ನಮ್ಮ ಪಾಠದ ಕ್ರಮ ಬದಲಾಯಿತು. ಈಗ ಮೊದಲನೆಯ ಪಾಠ ಲಕೋಟೆಯನ್ನು ಓದುವುದು: ಎಲ್ಲಿಂದ ಹೊರಟಿತು, ಎಂದು ತಲುಪಿತು, ಯಾರು ಯಾರಿಗೆ ಬರೆದರು. ಎರಡನೆಯದು, ಮನೆಯ ಹಿರಿಯರನ್ನು ಕೇಳಿ ಆ ಕಾಗದದ ಕಥೆಯನ್ನು ಬರೆದಿಡುವುದು. ನೀರಿನ ತಟ್ಟೆ ಬರುವುದು ಬಹಳ ತಡವಾಗಿ. ಅದೂ ನಿನ್ನೆ ಮೊನ್ನೆಯ ವ್ಯವಹಾರದ ಲಕೋಟೆಗಳಿಗೆ ಮಾತ್ರ. ಹಳೆಯ ಮನೆಪತ್ರಗಳನ್ನು ಇಡಿಯಾಗಿಯೇ ಇಡತಕ್ಕದ್ದು. ಬಲ್ಲ ಸಂಗ್ರಾಹಕರೂ ಬಿಡಿ ಚೀಟಿಗಿಂತ ಠಸ್ಸೆಸಹಿತವಾದ ಹಳೆಯ ಲಕೋಟೆಯನ್ನೇ ಹೆಚ್ಚಾಗಿ ಆದರಿಸುವರು.

ಬೆಲೆಯ ಮಾತನ್ನು ನಾವು ಎತ್ತುವುದಿಲ್ಲ, ಪ್ರಶ್ನೆಗಳನ್ನು ಎತ್ತುತ್ತೇವೆ. 1948ರ ಆಗಸ್ಟ್ 15ರಂದು ಗಾಂಧೀಜಿಯವರ ನಾಲ್ಕು ಚೀಟಿಗಳು ಹೊರಟವು. ಅವುಗಳ ಮೇಲೆ 'ಬಾಪು' ಎಂದು ನಾಗರಿಯಲ್ಲಿಯೂ ಉರ್ದುವಿನಲ್ಲಿಯೂ ಇದೆ. ಸ್ವದೇಶಿಯನ್ನು ಬೋಧಿಸಿದ ಮಹಾತ್ಮರ ಚೀಟಿಗಳು ಸ್ವಿಟ್ಜರ್‌ಲೆಂಡಿನಲ್ಲಿ ಅಚ್ಚಾದುವೇಕೆಂದು ಹುಡುಗನೊಬ್ಬನು ಕೇಳಿದನು. ಆ ಒಂದು ಪ್ರಶ್ನೆಯಿಂದ ಎರಡು ಭಾನುವಾರಗಳ ಚರ್ಚೆ ನಡೆಯಿತು.

ಇಂದು ಮನೆಗೆ ಚೀಟಿ ಹಚ್ಚಿದ ಕಾಗದ ಬರುವುದೇ ವಿರಳ. ಆದುದರಿಂದ ಎಳೆಯ ಸಂಗ್ರಾಹಕರ ಕೈ ಅಜ್ಜ ಅಜ್ಜಿಯರ ಪೆಟ್ಟಿಗೆಗೇ ಹೋಗುವುದು. ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳನ್ನು ತಡೆಯಬೇಡಿರಿ. ಪೆಟ್ಟಿಗೆಯನ್ನು ನೀವೇ ತೆರೆದು, ಪಕ್ಕದಲ್ಲಿ ಕುಳಿತು, ಕಾಗದಗಳನ್ನು ಒಂದೊಂದಾಗಿ ಓದಿ ಹೇಳಿರಿ. ಕತ್ತರಿ ಅಂದು ದೂರವಿರಲಿ.

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ರಜೆಯಲ್ಲಿ ಊರಿಗೆ ಬಂದರೆ ಭಾನುವಾರ ನಮ್ಮ ಜಗಲಿಗೆ ಬಂದು ಹೊಸ ಮಕ್ಕಳಿಗೆ ಮೊದಲನೆಯ ಪಾಠವನ್ನು ಅವಳೇ ಹೇಳುತ್ತಾಳೆ. ಮೂಲೆ ಕತ್ತರಿಸಿದ ಒಂದು ಲಕೋಟೆಯನ್ನು ಅಜ್ಜಿಯಿಂದ ಕೇಳಿ ತಂದು ತೋರಿಸುತ್ತಾಳೆ.