ಹರಾಜಿನ ಬೆಲೆ, ಖಾಸಗಿ ಬೆಲೆ

ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳು ಬರುತ್ತಿದ್ದವು. ಅವುಗಳಲ್ಲಿ ಬಲು ವಿರಳವಾದದ್ದು ಹೋನಸ್ ವ್ಯಾಗ್ನರ್ ಅವರ ಕಾರ್ಡು. ಅಂಥ ಒಂದು ಪ್ರತಿ 2021ರ ಹರಾಜಿನಲ್ಲಿ ಸುಮಾರು 66 ಲಕ್ಷ ಡಾಲರಿಗೆ ಹೋಯಿತು. ಅದಕ್ಕಿಂತ ಹೆಚ್ಚು ಸವೆದ ಇನ್ನೊಂದು ಪ್ರತಿ 2022ರಲ್ಲಿ ಖಾಸಗಿಯಾಗಿ 72.5 ಲಕ್ಷಕ್ಕೆ ಮಾರಾಟವಾಯಿತು! ಹಾಗಾದರೆ ನಿಜವಾದ ಬೆಲೆ ಯಾವುದು?

ಇಬೇಯಂಥ ಜಾಲತಾಣದ ಹರಾಜಿನಲ್ಲಿ ನೀವು 150 ಡಾಲರ್ ಕೊಡಲು ಸಿದ್ಧರಿದ್ದೀರಿ ಎನ್ನೋಣ. ಎರಡನೆಯವರು 99ಕ್ಕೆ ನಿಂತರೆ, ಅದಕ್ಕಿಂತ ತುಸು ಹೆಚ್ಚಿಗೆ, ಸುಮಾರು 100ಕ್ಕೆ, ಕಾರ್ಡು ನಿಮ್ಮದು. ಅಂದರೆ ಬೆಲೆಯನ್ನು ಗೊತ್ತುಮಾಡಿದವರು ಗೆದ್ದವರಲ್ಲ, ಸೋತವರು. ಖಾಸಗಿ ವ್ಯವಹಾರದಲ್ಲಿ ಈ ಎರಡನೆಯವರೇ ಇರುವುದಿಲ್ಲ. ಆದ್ದರಿಂದ ಅಲ್ಲೂ ಹರಾಜಿನ ಬೆಲೆಯನ್ನೇ ಅಳತೆಗೋಲಾಗಿ ಹಿಡಿಯುವುದು ವಾಡಿಕೆ. ಹಿಡಿಯಬೇಕಾದದ್ದು ಮಾರಾಟ ಮುಗಿದ ಬೆಲೆಯನ್ನು. ಕೇಳುವ ಬೆಲೆಯನ್ನು ಯಾರು ಬೇಕಾದರೂ ಬರೆಯಬಹುದು.

ಜಾಲತಾಣವು ಶೇಕಡಾ 13ರ ಆಸುಪಾಸು ಶುಲ್ಕ ಮುರಿದುಕೊಂಡರೆ ಮಾರುವವರ ಕೈಗೆ ಬರುವುದು 87. ಆದ್ದರಿಂದ 87 ಮತ್ತು 100ರ ನಡುವೆ ಎಲ್ಲಿ ಕುದುರಿದರೂ ಇಬ್ಬರಿಗೂ ಲಾಭ. ಆದರೆ ಕಾರ್ಡು ನಕಲಿಯೆಂದು ತಿಳಿದಾಗ ಹಣ ವಾಪಸು ಕೊಡಿಸುವ ಮಧ್ಯಸ್ಥರು ಖಾಸಗಿ ಮಾರಾಟದಲ್ಲಿ ಇರುವುದಿಲ್ಲ. ಅನುಭವಿಗಳು ಚೌಕಾಸಿಯನ್ನು 87ರ ಕಡೆಗೇ ಎಳೆಯುವುದು ಇದಕ್ಕಾಗಿ.